ರಿಕ್ಷಾ ನಿಂತ ಸದ್ದು

ಅತ್ತೆಗೆ ಮಿರಜದಲ್ಲಿ ಮೊಣಕಾಲಿನ ಆಪರೇಷನ್ ಆಗುವವರೆಗೆ ನಮ್ಮ ಮನೆಯ ಪಾಮೇರಿಯನ್ ನಾಯಿ ನನ್ನದಾಗಿರಲಿಲ್ಲ. ಅದು ಅವರದು. ಕೂದಲಿನಿಂದಾಗಿ ದುಂಡಗೆ ಕಾಣುತ್ತಿತ್ತಷ್ಟೆ. ಸ್ನಾನ ಮಾಡಿಸಿದಾಗ ನೋಡಿದರೆ ಅಳಿಲಿಗಿಂತ ತುಸು ದೊಡ್ಡದು. ಅರಿಶಿನದ ವ್ಯಾಪಾರ ಮಾಡುವ ನನ್ನ ಗಂಡ ಅದನ್ನು ಸಾಂಗ್ಲಿಯ ಮನೆಗೆ ತಂದಾಗ, ಜೈನರ ಮನೆಯ ನಾಯಿ ಏನು ತಿಂದೀತು ಎಂದು ನೆಂಟರೆಲ್ಲ ನಕ್ಕಿದ್ದರು. ಅತ್ತೆ ಅದಕ್ಕೆ ಮೊಸರನ್ನ, ಪನೀರು, ಬೇಯಿಸಿದ ಕುಂಬಳಕಾಯಿ ರೂಢಿ ಮಾಡಿಸಿದರು. ಹೊತ್ತು ಮುಳುಗುವ ಮುನ್ನ ತಾವು ಉಣ್ಣುವಾಗಲೇ ಅದಕ್ಕೂ ಉಣಿಸುತ್ತಿದ್ದರು. ಕೂದಲು ಗಂಟಾಗದಂತೆ ದಿನವೂ ಬಾಚುತ್ತಿದ್ದರು. ಅವರನ್ನು ಬಿಟ್ಟರೆ ಮನೆಯಲ್ಲಿ ಉಳಿದವರೆಲ್ಲ ಅದರ ಪಾಲಿಗೆ ಬೊಗಳಬೇಕಾದವರು.

ಅತ್ತೆ ಆಸ್ಪತ್ರೆಗೆ ಹೋದ ಮೇಲೆ ನಾಯಿ ಕೂತಲ್ಲಿ ಕೂರಲಿಲ್ಲ. ಅವರ ಕೋಣೆಯಿಂದ ತಲೆಬಾಗಿಲಿಗೆ, ಬಾಗಿಲಿನಿಂದ ಕೋಣೆಗೆ. ಫರಸಿ ಕಲ್ಲಿನ ನೆಲದ ಮೇಲೆ ಅದರ ಉಗುರು ಟಕಟಕ ಎನ್ನುವುದನ್ನು ಕೇಳಿ ಕೇಳಿ ನನಗೂ ಒಂದು ಕೆಲಸವೂ ನೆಟ್ಟಗಾಗುತ್ತಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಬರುತ್ತಿದ್ದೆ, ಯಾಕೆ ಬಂದೆನೆಂದು ತಿಳಿಯದೆ ಹಿಂದಿರುಗುತ್ತಿದ್ದೆ. ಓಣಿಯಲ್ಲಿ ರಿಕ್ಷಾ ನಿಂತರೆ ಸಾಕು, ನಾಯಿ ಅತ್ತೆಯ ಮಂಚವೇರಿ ಕಿಟಕಿಯಿಂದ ನೋಡುತ್ತಿತ್ತು. ಇಳಿದವರು ಬೇರೆ ಯಾರೋ ಆಗಿರುತ್ತಿದ್ದರು.

ಒಂದು ಮಧ್ಯಾಹ್ನ ರಿಕ್ಷಾ ನಮ್ಮ ಬಾಗಿಲಲ್ಲೇ ನಿಂತಿತು. ನಾಯಿ ಬಾಗಿಲಿಗೆ ಓಡುವ ಆತುರದಲ್ಲಿ ಮಂಚದಿಂದ ಕೆಳಗೆ ಹಾರಿತು. ಆಮೇಲೆ ಅದು ಚೀರಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಮುಂಗಾಲು ಜೋತುಬಿದ್ದಿತ್ತು. ಇಳಿದವರು ಪಕ್ಕದ ಮನೆಯ ಮಾವಶಿ. ಅದೇ ರಿಕ್ಷಾದಲ್ಲಿ ನಾಯಿಯನ್ನು ಮಡಿಲಲ್ಲಿಟ್ಟುಕೊಂಡು ದವಾಖಾನೆಗೆ ಹೋದೆ.

ಪ್ಲಾಸ್ಟರ್ ಹಾಕಿದ ಡಾಕ್ಟರು, ಈ ಜಾತಿಯ ಎಲುಬು ಪೆನ್ಸಿಲ್‌ನಷ್ಟೇ ತೆಳು, ಮಂಚದಿಂದ ಹಾರಿದರೂ ಮುರಿಯುತ್ತದೆ ಎಂದರು. ಕೊರಳಪಟ್ಟಿಯನ್ನೂ ಬಿಚ್ಚಿಸಿದರು, ಶ್ವಾಸನಾಳ ನಾಜೂಕು, ಎದೆಗೆ ಕಟ್ಟುವ ಪಟ್ಟಿಯೇ ಆಗಬೇಕಂತೆ.

"ಅವ್ವಗ ಹೇಳಬ್ಯಾಡ. ಬಿ.ಪಿ. ಏರತೈತಿ," ಎಂದರು ನನ್ನ ಗಂಡ.

ಸಂಜೆ ಅತ್ತೆಯ ಫೋನ್ ಬಂತು. "ಬಾಳಾನ ಕಿವಿಗಿ ಹಿಡಿ," ಎಂದರು. ನಾಯಿಯನ್ನು ಅವರು ಬಾಳಾ ಎಂದೇ ಕರೆಯುವುದು. ಹಿಡಿದೆ. ದನಿ ಕೇಳಿದ್ದೇ ಅದು ಏಳಲು ನೋಡಿ ಆಗದೆ ನರಳಿತು.

"ಯಾಕ ಹಂಗ ಮಾಡತೈತಿ?"

"ಏನಿಲ್ರಿ ಅತ್ತಿ, ನಿಮ್ಮ ನೆನಪಾಗೇತಿ."

"ನೆನಪಾದ್ರ ಅದು ಬೊಗಳತೈತಿ, ಅಳೂದಿಲ್ಲ. ಖರೇ ಹೇಳ. ಏನಾಗೇತಿ?"

ಹೇಳಿದೆ. ಅತ್ತೆ ಕೇಳಿದರು, "ಯಾವ ಕಾಲ?"

"ಎಡಗಾಲ್ರಿ."

"ನಂದೂ ಎಡಗಾಲ," ಎಂದರು. ನಕ್ಕರೋ ಅತ್ತರೋ ತಿಳಿಯಲಿಲ್ಲ. ಕೂಡಲೇ ದನಿ ಬಿಗಿಯಾಯಿತು. "ಎತ್ತೂ ಮುಂದ ಕಾಲ ಹಿಡದ ಎಳೀಬ್ಯಾಡ. ಎದಿ ಕೆಳಗ ಒಂದ ಕೈ, ಹಿಂದ ಒಂದ ಕೈ. ಉಣ್ಣಲಿಲ್ಲಂದ್ರ ನನ್ನ ಹಳೇ ಸೀರಿ ಹಾಸಿ ಅದರ ಮ್ಯಾಲ ತಾಟ ಇಡ."

ಹಾಗೇ ಮಾಡಿದೆ. ಸೀರೆಯಲ್ಲಿ ಮೂಗು ಹುದುಗಿಸಿ ಬಹಳ ಹೊತ್ತು ಮಲಗಿದ್ದು, ಕೊನೆಗೆ ನನ್ನ ಬೆರಳಿಂದಲೇ ನಾಲ್ಕು ತುತ್ತು ನೆಕ್ಕಿತು.

ಅತ್ತೆ ವಾಕರ್ ಹಿಡಿದು ಮನೆಗೆ ಬಂದ ದಿನ ನಾವೆಲ್ಲ ನಾಯಿಯ ಸಂಭ್ರಮ ನೋಡಲು ಕಾದಿದ್ದೆವು. ಅತ್ತೆ ಬಾಳಾ ಎಂದು ಕರೆದರೆ ಅದು ಗುರ್ರೆಂದು ಕುಂಟುತ್ತಾ ನನ್ನ ಹಿಂದೆ ಅಡಗಿತು. ವಾಕರ್‌ಗೆ ಹೆದರಿತೋ, ಔಷಧಿಯ ವಾಸನೆಗೋ.

"ನನ್ನ ಗುರ್ತ ಹಿಡೀಲಿಲ್ಲ ನೋಡ," ಎಂದ ಅತ್ತೆ ಮತ್ತೆ ಕರೆಯಲಿಲ್ಲ. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಚಹಾ ಮಾಡುವ ನೆವದಲ್ಲಿ ಒಳಗೆ ಹೋದೆ. ಅತ್ತೆ ಮೈ ಒರೆಸಿಕೊಂಡು ಸೀರೆ ಬದಲಿಸಿದ ಮೇಲೆ, ಸಂಜೆ ಹೊತ್ತಿಗೆ, ಅದು ತಾನಾಗಿಯೇ ಹೋಗಿ ಅವರ ಪಾದ ಮೂಸಿತು. ಅವರು ಎತ್ತಿಕೊಳ್ಳಲು ಬಗ್ಗಲಾರರು. ನಾನೇ ಎತ್ತಿ ಅವರ ತೊಡೆಯ ಮೇಲಿಟ್ಟೆ.

ಈಗ ನಾಯಿಯ ಪ್ಲಾಸ್ಟರ್ ತೆಗೆದಿದ್ದಾರೆ. ಬಿಸಿಲೇರುವ ಮುನ್ನ ಮೂವರೂ ಓಣಿಯಲ್ಲಿ ನಡೆಯುತ್ತೇವೆ. ನಾನು ತುಸು ಮುಂದಾದರೆ ಅದು ಅತ್ತೆಯ ಕಡೆಗೆ ಜಗ್ಗುತ್ತದೆ. ಅವರ ಬಳಿ ಹೋಗಿ ನಿಂತು ನನ್ನನ್ನು ನೋಡಿ ಬೊಗಳುತ್ತದೆ.

"ಒಂದ ಕಡೆ ನಿಂದರಬಾರದೇನ ನೀ?" ಎಂದು ಅತ್ತೆ ಬೈಯುತ್ತಾರೆ. ಅದು ಇಬ್ಬರ ನಡುವೆ ಸುತ್ತುತ್ತಲೇ ಇರುತ್ತದೆ.