ಜಿನ್ನವ್ವ ಒಲ್ಲೆನೆಂದ ಸೂಜಿ

ಮಮದಾಪುರದಲ್ಲಿ ಈಗಲೂ ಯಾರಾದರೂ ‘ಅಭಿನಂದನಣ್ಣ ಜಿನ್ನವ್ವನ ಧರ್ಮ ಉಳಿಸಿದ’ ಎಂದರೆ ನನಗೆ ಮೈ ಉರಿಯುತ್ತದೆ. ಆ ಅಭಿನಂದನ ನಾನೇ. ಎದ್ದು ಹೋಗಿಬಿಡುತ್ತೇನೆ. ಸಿಡುಕ ಎಂದು ಹೆಸರಾಗಿದೆ, ಆಗಲಿ ಬಿಡಿ.

ಗೋಕಾಕದ ಒಂದು ದವಾಖಾನೆಯಲ್ಲಿ ನಾನು ಇಪ್ಪತ್ತೆರಡು ವರ್ಷ ಕಂಪೌಂಡರ್ ಆಗಿದ್ದೆ. ಜಿನ್ನವ್ವ ನಮ್ಮ ಓಣಿಯವಳು. ರಕ್ತಸಂಬಂಧವಿಲ್ಲ, ಆದರೆ ಹುಟ್ಟಿದಾಗಿನಿಂದ ಅವಳನ್ನು ಕಾಕು ಎಂದೇ ಕರೆದವನು ನಾನು. ಶ್ಯಾವಿಗೆ ಹೊಸೆಯುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಮದುವೆ ಗೊತ್ತಾದ ಮನೆಯವರು ಮೊದಲು ಭಟ್ಟರ ಹತ್ತಿರ ಹೋಗುತ್ತಿದ್ದರೋ ಕಾಕುವಿನ ಹತ್ತಿರ ಬರುತ್ತಿದ್ದರೋ, ಹೇಳುವುದು ಕಷ್ಟ. ಹರಟೆ ಹೊಡೆಯುತ್ತ, ಎದುರಿಗೆ ಕೂತವರನ್ನು ಚುಡಾಯಿಸುತ್ತ, ಕೈಯತ್ತ ನೋಡದೆಯೇ ಕೂದಲೆಳೆಯಂಥ ಶ್ಯಾವಿಗೆ ಎಳೆದು ಕೋಲಿಗೆ ಹಾಕುತ್ತಿದ್ದಳು. ಎಳೆ ಸಣ್ಣಗಾಯಿತೋ ಇಲ್ಲವೋ ಎಂಬುದು ಅವಳ ಬೆರಳಿಗೇ ಗೊತ್ತಾಗುತ್ತಿತ್ತು.

ತೊಂಬತ್ತನೆಯ ಇಸವಿಯಲ್ಲಿ ಅವಳ ಗಂಡ ಆಬಾಸಾಹೇಬರಿಗೆ ಹೊಟ್ಟೆಯ ಆಪರೇಶನ್ ಆಯಿತು. ಉಳಿಯುವುದಿಲ್ಲ ಎಂದುಕೊಂಡವರು ಉಳಿದು ಬಂದರು. ಆ ವರ್ಷ ಚಾತುರ್ಮಾಸಕ್ಕೆ ಊರಲ್ಲಿ ಮುನಿಮಹಾರಾಜರಿದ್ದರು. ಕಾಕು ಅವರೆದುರು ನಿಯಮ ತೆಗೆದುಕೊಂಡಳು. ನಮ್ಮ ಜೈನರ ಮನೆಗಳಲ್ಲಿ ಇದೇನು ಹೊಸದಲ್ಲ, ಒಬ್ಬರು ಬೆಲ್ಲ ಬಿಡುತ್ತಾರೆ, ಒಬ್ಬರು ಉಪ್ಪು ಬಿಡುತ್ತಾರೆ. ಕಾಕು ಬಿಟ್ಟದ್ದು ಹಾಲು. ಹಾಲು, ಮೊಸರು, ಮಜ್ಜಿಗೆ, ತುಪ್ಪ ಎಲ್ಲವನ್ನೂ, ಸಾಯುವ ತನಕ. ಮನೆಯಲ್ಲಿ ಎರಡು ಎಮ್ಮೆ ಕಟ್ಟಿದ್ದವು. ತಾನೇ ಹಿಂಡುತ್ತಿದ್ದಳು, ತಾನೇ ಕಡೆಯುತ್ತಿದ್ದಳು, ಒಂದು ಹನಿ ಬಾಯಿಗೆ ಹಾಕುತ್ತಿರಲಿಲ್ಲ.

ನಾಲ್ಕೈದು ವರ್ಷ ಏನೂ ಆಗಲಿಲ್ಲ. ಆಮೇಲೆ ಶ್ಯಾವಿಗೆ ಹರಿಯತೊಡಗಿತು. ಹಿಟ್ಟು ಸರಿ ಇಲ್ಲ ಎಂದು ಬೈದಳು, ಗಿರಣಿಯವನನ್ನು ಬೈದಳು. ನಾಲಿಗೆ ಉರಿ, ಸದಾ ಸುಸ್ತು, ಅಂಗಾಲಿನಲ್ಲಿ ಇರುವೆ ಹರಿದಂತೆ. ಬಸದಿಯಲ್ಲಿ ಕಣ್ಣು ಮುಚ್ಚಿ ಕೈ ಮುಗಿದು ನಿಂತರೆ ಮೈ ತೂಗಾಡುತ್ತಿತ್ತು. ಹೆಂಗಸರು ಅದನ್ನು ಭಕ್ತಿಯೆಂದು ತಿಳಿದರು, ಒಬ್ಬಿಬ್ಬರು ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಎಂಥ ಜನರೋ ನಾವು! ಒಂದು ದಿನ ಹಾಗೆ ನಿಂತವಳು ಬಿದ್ದು ಹಣೆ ಒಡೆದುಕೊಂಡಳು. ಆಗ ಆಬಾಸಾಹೇಬರು ನಮ್ಮ ದವಾಖಾನೆಗೆ ಕರೆತಂದರು.

ದವಾಖಾನೆಯಲ್ಲಿ ದಿನಕ್ಕೆ ನೂರು ಜನ. ನಮ್ಮ ಡಾಕ್ಟರರು ಕಣ್ಣಿನ ರೆಪ್ಪೆ ಎಳೆದು ನೋಡಿದರು, ರಕ್ತ ಕಡಿಮೆ ಎಂದರು, ಹತ್ತು ಸೂಜಿ ಬರೆದರು. ಆ ಕಾಲದಲ್ಲಿ ರಕ್ತ ಕಡಿಮೆಯಾದವರಿಗೆ ಕೊಡುತ್ತಿದ್ದ ಸೂಜಿ ಅದು. ಕಪಾಟಿನಿಂದ ತೆಗೆದೆ. ಡಬ್ಬಿಯ ಮೇಲಿನ ಸಣ್ಣ ಅಕ್ಷರ ನನಗೆ ಗೊತ್ತಿತ್ತು, ಪ್ರಾಣಿಯ ಲಿವರಿನ ಸತ್ವ ಎಂದಿತ್ತು. ಬೇರೆಯವರಿಗೆ ಸುಮ್ಮನೆ ಚುಚ್ಚುತ್ತಿದ್ದೆ. ಕಾಕುವಿನ ತೋಳು ಹಿಡಿದಾಗ ಕೈ ಏಳಲಿಲ್ಲ.

“ಕಾಕು, ಇದು ಪ್ರಾಣಿದು ಐತ್ರಿ. ಲಿವರಿನಿಂದ ಮಾಡಿದ್ದು,” ಎಂದೆ.

ಕಾಕು ಸೆರಗು ಸರಿಮಾಡಿಕೊಂಡು ಎದ್ದಳು. ನನಗೆ ಕೈ ಮುಗಿದಳು. ಆಕೆಗೆ ಸೂಜಿ ಬೇಡವಂತೆ ಎಂದಷ್ಟೇ ಒಳಗೆ ಹೇಳಿದೆ. ಡಾಕ್ಟರರು ತಲೆ ಎತ್ತದೆ ರಕ್ತದ ಗುಳಿಗೆ ಬರೆದುಕೊಟ್ಟರು. ಆ ಭಾನುವಾರ ಬಸದಿಯಲ್ಲಿ ಈ ಸಂಗತಿಯನ್ನು ನಾನೇ ಹೇಳಿದೆ, ರಸವತ್ತಾಗಿ ಹೇಳಿದೆ. ಹಿರಿಯರು ಬೆನ್ನು ತಟ್ಟಿದರು. ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ.

ಗುಳಿಗೆಯಿಂದ ಕಾಕುವಿನ ಮುಖಕ್ಕೆ ಬಣ್ಣ ಬಂತು. ಕಾಲು ಮಾತ್ರ ಕೆಟ್ಟಿತು. ಚಪ್ಪಲಿ ಕಳಚಿ ಬಿದ್ದದ್ದೂ ಗೊತ್ತಾಗದೆ ನಡೆಯುತ್ತಿದ್ದಳು. ಮುಂದಿನ ನಾಲ್ಕು ವರ್ಷ ಬೆಳಗಾವಿಯಲ್ಲಿ ಎಕ್ಸ್‌ರೇ ಆಯಿತು, ಮೂಡಲಗಿಯಲ್ಲಿ ಎಣ್ಣೆ ತಿಕ್ಕಿಸಿದ್ದಾಯಿತು, ಯಮಕನಮರಡಿಯಲ್ಲಿ ತಾಯಿತ ಕಟ್ಟಿಸಿದ್ದೂ ಆಯಿತು. ಹೋದಲ್ಲೆಲ್ಲ ಒಂದೇ ಮಾತು, ಏನೂ ಇಲ್ಲ. ಒಬ್ಬರು ಮನಸ್ಸಿನ ಬೇನೆ ಎಂದು ನಿದ್ದೆಯ ಗುಳಿಗೆ ಕೊಟ್ಟರು. ಏನೂ ಇಲ್ಲ ಎಂದು ಡಾಕ್ಟರರೇ ಹೇಳಿದ ಮೇಲೆ ಮನೆಯವರಾದರೂ ಎಷ್ಟು ದಿನ ನಂಬುತ್ತಾರೆ? ಕೆಲಸ ತಪ್ಪಿಸಲು ನಾಟಕ ಮಾಡುತ್ತಾಳೆ ಎಂದು ಆಬಾಸಾಹೇಬರು ಓಣಿಗೆ ಕೇಳುವಂತೆ ಕೂಗಾಡುತ್ತಿದ್ದರು. ಯಾರ ಜೀವಕ್ಕಾಗಿ ಹಾಲು ಬಿಟ್ಟಳೋ ಅವರೇ.

ತೊಂಬತ್ತೊಂಬತ್ತರಲ್ಲಿ ಹುಕ್ಕೇರಿಗೆ ಮಯೂರಿ ಎಂಬ ಡಾಕ್ಟರ್ ಬಂದರು. ದಿನಕ್ಕೆ ಹತ್ತೇ ರೋಗಿಗಳನ್ನು ನೋಡುತ್ತಾರೆ, ಸೂಜಿ ಹಾಕುವುದಿಲ್ಲ, ಜನಗಣತಿಯವರಂತೆ ಪ್ರಶ್ನೆ ಕೇಳುತ್ತಾರೆ ಎಂದು ನಮ್ಮಲ್ಲಿ ನಗಾಡುತ್ತಿದ್ದರು. ಎಲ್ಲೆಲ್ಲೂ ಏನೂ ಸಿಗದವರು ಕೊನೆಗೆ ಅಲ್ಲಿಗೆ ಹೋಗುತ್ತಿದ್ದರು. ಆಬಾಸಾಹೇಬರು ಇನ್ನೆಲ್ಲಿಗೂ ಬರುವುದಿಲ್ಲ ಎಂದರು. ನಾನೇ ಕಾಕುವನ್ನು ಟೆಂಪೊದಲ್ಲಿ ಕೂರಿಸಿಕೊಂಡು ಹೋದೆ.

ಒಂದು ತಾಸು ಕೇಳಿದರು ಆ ಹೆಣ್ಣುಮಗಳು. ಬೆಳಿಗ್ಗೆ ಎದ್ದು ಏನು ತಿನ್ನುತ್ತೀರಿ, ಏನು ಬಿಟ್ಟಿದ್ದೀರಿ, ಯಾವಾಗ ಬಿಟ್ಟಿರಿ, ಮೊದಲು ಕೆಟ್ಟದ್ದು ಕೈಯೋ ಕಾಲೋ. ಎಲ್ಲವನ್ನೂ ಬರೆದುಕೊಂಡರು. ಕಾಕುವಿನ ಮುಖ ಅರಳಿತ್ತು, ಇಷ್ಟು ವರ್ಷದಲ್ಲಿ ಅವಳ ಊಟದ ಬಗ್ಗೆ ಕೇಳಿದವರು ಇವರೊಬ್ಬರೇ. ಆಮೇಲೆ ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದರು. ಕಾಕು ಬಸದಿಯಲ್ಲಿ ತೂಗಿದಂತೆಯೇ ತೂಗಿ ಬಿದ್ದಳು. ಡಾಕ್ಟರ್ ಕೈ ಚಾಚಿಕೊಂಡೇ ನಿಂತಿದ್ದರು, ಹಿಡಿದುಕೊಂಡರು.

ನರಗಳಿಗೆ ಬೇಕಾದ ಒಂದು ಜೀವಸತ್ವ ಕಾಳು, ಪಲ್ಯಗಳಲ್ಲಿ ಇರುವುದಿಲ್ಲವಂತೆ. ಮಾಂಸ, ಮೊಟ್ಟೆ ತಿನ್ನದವರಿಗೆ ಅದು ಹಾಲು, ಮೊಸರಿನಿಂದಲೇ ಬರಬೇಕಂತೆ. ಹಾಲು ಬಿಟ್ಟ ಮೇಲೆ ಮೈಯಲ್ಲಿದ್ದ ಸಂಗ್ರಹ ನಾಲ್ಕೈದು ವರ್ಷದಲ್ಲಿ ಮುಗಿದಿತ್ತು. ರಕ್ತದ ಗುಳಿಗೆ ಮುಖದ ಬಣ್ಣವನ್ನಷ್ಟೇ ಸರಿಮಾಡಿತ್ತು, ಒಳಗೆ ನರ ಸಾಯುತ್ತಲೇ ಇತ್ತು. ಡಾಕ್ಟರ್ ಅದೇ ಜೀವಸತ್ವದ ಒಂದು ಕೆಂಪು ಸೂಜಿಮದ್ದು ತೆಗೆದು ತೋರಿಸಿದರು. “ಇದರಾಗ ಪ್ರಾಣಿದು ಏನೂ ಇಲ್ರಿ ಅವ್ವಾರ. ನಿಮ್ಮ ನಿಯಮ ಮುರಿಯೂದಿಲ್ಲ.”

ನಾನು ಆ ಬಾಟಲಿಯನ್ನು ನೋಡಿದೆ. ನಮ್ಮ ಕಪಾಟಿನಲ್ಲಿ ಇದೇ ಇತ್ತು. ಸೊಂಟ ನೋವೆಂದು ಬಂದ ಲಾರಿ ಡ್ರೈವರುಗಳಿಗೆ ದಿನಾ ಚುಚ್ಚುತ್ತಿದ್ದೆ. ಕಾಕುವಿಗೆ ಆ ಲಿವರಿನ ಸೂಜಿ ಬೇಡ ಎಂದವನಿಗೆ, ಇದಾದರೂ ನಡೆದೀತೇ ಎಂದು ಡಾಕ್ಟರರನ್ನು ಒಂದು ಮಾತು ಕೇಳಬೇಕು ಎಂದು ಹೊಳೆಯಲೇ ಇಲ್ಲ. ಧರ್ಮ ಉಳಿಸಿದ ಖುಷಿಯಲ್ಲಿ ಅವಳ ಬೇನೆಯನ್ನೇ ಮರೆತಿದ್ದೆ, ಮೂರ್ಖ.

ಸೂಜಿಯಿಂದ ನಾಲಿಗೆಯ ಉರಿ ಹೋಯಿತು, ಸುಸ್ತು ಕಡಿಮೆಯಾಯಿತು. ಕೈ ಕಾಲು ಮರಳಿ ಬರಲಿಲ್ಲ. ತಡವಾಯಿತು ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ತಿಂಗಳಿಗೊಮ್ಮೆ ನಾನೇ ಮನೆಗೆ ಹೋಗಿ ಚುಚ್ಚುತ್ತಿದ್ದೆ. ಕಾಕು ಗೋಡೆಗೆ ಒರಗಿ ಕೂತಿರುತ್ತಿದ್ದಳು, ಬಾಯಿ ಮಾತ್ರ ಹಳೆಯದೇ. ಕಂಪೌಂಡರನ ಕೈಗಿಂತ ಸೊಳ್ಳೆಯೇ ವಾಸಿ ಎನ್ನುತ್ತಿದ್ದಳು.

ಎರಡು ಸಾವಿರದ ಒಂದರ ದೀಪಾವಳಿಯ ಹಿಂದಿನ ದಿನ ನಾನು ಸೂಜಿ ತುಂಬುತ್ತಿದ್ದೆ. ಅವಳು ಅದನ್ನೇ ನೋಡುತ್ತಿದ್ದಳು.

“ಅಭಿ, ಈ ಕೆಂಪು ಸೂಜಿ ಆವಾಗ ನಿಮ್ಮ ದವಾಖಾನ್ಯಾಗ ಇತ್ತೇನು?”

ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ. “ಇತ್ರಿ ಕಾಕು.”

“ಎಲ್ಲಿತ್ತು?”

“ಆ ಲಿವರಿನ ಸೂಜಿ ಬಾಜೂಕ.”

ಕಾಕು ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮುಖವನ್ನು ಗೋಡೆಗೆ ತಿರುಗಿಸಿ ತೋಳು ಮಾತ್ರ ಚಾಚಿದಳು. ಚುಚ್ಚಿ ಬಂದೆ. ಮುಂದಿನ ತಿಂಗಳು ಹೋದಾಗ, ಸರಕಾರಿ ನರ್ಸಬಾಯಿ ಶೆಟ್ಟೆವ್ವ ಬಂದು ಹಾಕಿ ಹೋದರು ಎಂದು ಆಬಾಸಾಹೇಬರು ಹೊರಗೇ ಹೇಳಿದರು. ಒಳಗೆ ಕರೆಯಲಿಲ್ಲ. ಅದೇ ಕೊನೆ, ಕಾಕು ಮತ್ತೆ ನನ್ನ ಜೊತೆ ಮಾತಾಡಲಿಲ್ಲ. ನಾನು ಹೇಳಿದ್ದನ್ನು ಅವಳು ಯಾರಿಗೂ ಹೇಳಲೂ ಇಲ್ಲ.

ಮೂರು ವರ್ಷಕ್ಕೆ, ಮಲಗಿ ಮಲಗಿ ಬೆನ್ನಿಗೆ ಹುಣ್ಣಾಗಿ ತೀರಿಕೊಂಡಳು. ಬಸದಿಯಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದರು. ಕಾಲು ಹೋದರೂ ಪ್ರಾಣಿಯ ಸೂಜಿ ಮುಟ್ಟದ ತಾಯಿ ಎಂದು ಹಿರಿಯರೊಬ್ಬರು ಹೊಗಳಿದರು. ಅವಳ ಧರ್ಮ ಕಾಯ್ದ ಅಭಿನಂದನ ಎಂದು ನನ್ನನ್ನು ಮುಂದೆ ಕರೆದು ಶಾಲು ಹೊದಿಸಿದರು. ಆಗಲಾದರೂ ಬಾಯಿ ಬಿಟ್ಟು ಹೇಳಬೇಕಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ತಲೆ ಬಗ್ಗಿಸಿ ಶಾಲು ಹೊದ್ದುಕೊಂಡೆ.