ಹನುಮಕ್ಕನ ‘ಹ’

ನೋಟ್‌ಬುಕ್ಕಿನ ಮೊದಲ ಗೆರೆಯಲ್ಲಿ ‘ಅನುಮಕ್ಕ’ ಎಂದಿತ್ತು. ಬಂಗಾರಪೇಟೆಯಿಂದ ಊರಿಗಾಂಗೆ ಹೋಗುವ ರೈಲಿನಲ್ಲಿ ನನ್ನ ಪಕ್ಕ ಕುಳಿತಿದ್ದ, ಅರವತ್ತು ದಾಟಿದ ಹೆಂಗಸು ಅದನ್ನು ನನ್ನತ್ತ ತಿರುಗಿಸಿದರು.

“ನನ್ನೆಸ್ರು ಕಣಮ್ಮಾ. ನಾಳೆ ಅಕ್ಷರ ಕ್ಲಾಸಲ್ಲಿ ಎಲ್ರ ಮುಂದೆ ಬೋರ್ಡ್ ಮ್ಯಾಲೆ ಬರೀಬೇಕು ಅಂತ ಮೇಡಮ್ ಅಂದವ್ರೆ. ಸರ್ಯಾಗೈತಾ ನೋಡು.”

ಹಿರಿಯರನ್ನು ತಿದ್ದಲು ನನಗೆ ಸಂಕೋಚ. ಆದರೂ ಎಲ್ಲರೆದುರು ತಪ್ಪಾಗಬಾರದೆಂದು, ಮೊದಲಕ್ಷರ ‘ಹ’ ಇರಬೇಕು ಎಂದೆ. ಅವರು ‘ಅ’ ಎಂದರು. ನಾನು ಮತ್ತೆ ‘ಹ’ ಎಂದೆ. ಅವರು ಮತ್ತೆ ‘ಅ’ ಎಂದು, ಜೋರಾಗಿ ನಕ್ಕುಬಿಟ್ಟರು.

“ನಮ್ ಬಾಯಿಗೆ ಅದು ಬರಲ್ಲ ಬಿಡು. ಕೈಗಾದ್ರೂ ಬರ್ಲಿ, ಬರ್ಕೊಡು. ಸಣ್ಣೋಳಿದ್ದಾಗ ಇಸ್ಕೂಲಿಗೆ ಓಗ್ತೀನಂತ ಅತ್ತಿದ್ದೆ. ತಮ್ಮನ್ನ ಎತ್ಕೊಂಡಿರು ಅಂದ್ರು. ಈಗ ಅವನ್ಗೇ ಮೊಮ್ಮಕ್ಳವ್ರೆ, ಇನ್ನೆಷ್ಟು ದಿನ ಎತ್ಕೊಳ್ಳಲಿ!”

ನಾನು ಬರೆದುಕೊಟ್ಟ ‘ಹ’ವನ್ನು ಅವರು ರೈಲಿನ ಕುಲುಕಾಟದಲ್ಲೇ ಪುಟದ ತುಂಬ ಬರೆದರು. ಊರಿಗಾಂ ಬರುವ ಹೊತ್ತಿಗೆ ಕೊನೆಯ ಗೆರೆಯಲ್ಲಿ ‘ಹನುಮಕ್ಕ’ ಎಂದು ನೆಟ್ಟಗೆ ಮೂಡಿತ್ತು.

ಹಾಡು ಕಲಿಯಬೇಕೆಂಬುದು ನನ್ನ ಬಾಲ್ಯದ ಆಸೆ. ಇಪ್ಪತ್ತೇಳಾಯಿತು, ಇನ್ನೇನು ಎಂದುಕೊಂಡು ಯಾರಿಗೂ ಹೇಳದೆ ಸುಮ್ಮನಿದ್ದೆ. ಆ ಅಮ್ಮನಿಗೆ ಕೃತಜ್ಞತೆ ಹೇಳಬೇಕೆಂದು ಅಂದು ಹೊಳೆಯಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ಮರುದಿನ ಬೆಳಿಗ್ಗೆ ನಮ್ಮ ಬೀದಿಯ ಸಂಗೀತದ ಟೀಚರ್ ಮನೆಗೆ ಹೋಗಿ, ಎಂಟು ವರ್ಷದ ಮಕ್ಕಳ ಜೊತೆ ಚಾಪೆಯ ಮೇಲೆ ಕುಳಿತು ‘ಸ’ ಹಾಡಿದೆ.