ಜಗಲಿಯ ಮೇಲೆ ಬಡವರಿಲ್ಲ

ಇನ್ನೂ ಮಬ್ಬುಗತ್ತಲು. ದೊಡ್ಡಆಲಹಳ್ಳಿಯ ಹೊರಗಿನ ಹಿಪ್ಪುನೇರಳೆ ತೋಟದಲ್ಲಿ ಗಂಗಲಕ್ಷ್ಮಮ್ಮ ಸೆರಗು ಬಿಗಿದು ರೇಷ್ಮೆಹುಳಕ್ಕೆ ಸೊಪ್ಪು ಕೊಯ್ಯುತ್ತಿದ್ದಾರೆ. ತೋಟ ಅವರದಲ್ಲ, ಕೂಲಿಗೂ ಬಂದವರಲ್ಲ. ಕನಕಪುರದ ಪಿಯು ಕಾಲೇಜೊಂದರಲ್ಲಿ ಗಂಟೆ ಬಾರಿಸುವ, ಕೊಠಡಿ ಗುಡಿಸುವ ಅಟೆಂಡರ್ ಅವರು. ಇವತ್ತು ರಜೆ ಹಾಕಿದ್ದಾರೆ. ತೋಟದ ಒಡೆಯ ಕೆಂಪರಾಜು ಎದುರು ಸಾಲಿನಲ್ಲಿದ್ದಾರೆ. ಕೈಗೆ ಕೆಲಸವಿದ್ದರೆ ಗಂಡಸರ ಬಿಗುಮಾನ ಸ್ವಲ್ಪ ಸಡಿಲವಾಗುತ್ತದೆ ಎಂಬುದು ಗಂಗಲಕ್ಷ್ಮಮ್ಮನ ಲೆಕ್ಕಾಚಾರ.

ಕೆಂಪರಾಜು ಅವರ ಮಗಳು ನವ್ಯಶ್ರೀಗೆ ಪಶುವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಶುಲ್ಕ ವಿನಾಯಿತಿಗೂ ವಿದ್ಯಾರ್ಥಿವೇತನಕ್ಕೂ ಆದಾಯ ಪ್ರಮಾಣಪತ್ರ ಬೇಕು. ಆದಾಯ ಮಿತಿ ದಾಟಿದರೆ ಅರ್ಜಿ ಬಿದ್ದುಹೋಗುತ್ತದೆ, ಶುಲ್ಕ ಕಟ್ಟಲಾಗದೆ ಅದರ ಹಿಂದೆ ಸೀಟೂ ಹೋಗುತ್ತದೆ. ವಿಚಾರಣೆಗೆ ಗ್ರಾಮ ಲೆಕ್ಕಿಗರು ಇವತ್ತೇ ಮನೆಗೆ ಬರುತ್ತಾರೆ. ನಾಲ್ಕು ಜನರೆದುರು ಕೆಂಪರಾಜು ಇದ್ದದ್ದನ್ನು ಇದ್ದಂತೆ ಹೇಳಬೇಕು, ಅಷ್ಟೇ.

ಆ 'ಅಷ್ಟೇ' ಎಂಬುದೇ ಇಲ್ಲಿ ಬೆಟ್ಟದಷ್ಟಾಗುತ್ತದೆ. ಹಾರೋಹಳ್ಳಿ, ಬಿಡದಿ ಕಡೆ ಕಾರ್ಖಾನೆಗಳು ಎದ್ದ ಮೇಲೆ ಸುತ್ತಮುತ್ತಲ ಜಮೀನಿಗೆಲ್ಲ ಬಾಯಿಗೆ ಬಂದ ರೇಟು. ಜೇಬಿನಲ್ಲಿ ಬಸ್ ಚಾರ್ಜಿಲ್ಲದವರೂ ಜಗಲಿಯ ಮೇಲೆ ಕೂತರೆ ಕೋಟಿಯ ಮಾತಾಡುತ್ತಾರೆ. ಕೆಲವು ವರ್ಷಗಳ ಹಿಂದೆ ಸಿರಿ ಎಂಬ ಹುಡುಗಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಬೀಗರಾಗಬೇಕಿದ್ದವರು ಪಕ್ಕದಲ್ಲಿದ್ದಾರೆಂದು ಅವಳಪ್ಪ ಸಿದ್ದಯ್ಯ ಮೂರು ಲಕ್ಷ ಆದಾಯ ಬರೆಸಿಬಿಟ್ಟರು. ಸಂಬಂಧವೂ ಕೂಡಲಿಲ್ಲ, ಸೀಟೂ ಉಳಿಯಲಿಲ್ಲ. ಸಿರಿ ಈಗ ದಿನಾ ಗಾರ್ಮೆಂಟ್ಸ್ ಬಸ್ ಹತ್ತುತ್ತಾಳೆ.

"ಕೇಳಿ ನನ್ ಕೈಕಾಲೇ ಆಡ್ನಿಲ್ಲ. ಹೆತ್ತಪ್ಪ ಹಂಗೆ ಮಾಡಾನಾ ಅಂತ. ಅವತ್ತಿಂದ ನಾನೇ ಮನೆಮನೆಗೆ ಹೋಯ್ತೀನಿ," ಎನ್ನುತ್ತಾರೆ ಗಂಗಲಕ್ಷ್ಮಮ್ಮ.

ಮೊದಲು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿದ್ದರು. ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡೇ ಮಗ ಸಿದ್ಧಾರ್ಥನನ್ನು ಸಾಕಿದರು. ಅವನು ವಿದ್ಯಾರ್ಥಿವೇತನದಲ್ಲೇ ಓದಿ ಈಗ ಮಾಗಡಿಯಲ್ಲಿ ಮೇಷ್ಟ್ರು. ಕಾಲೇಜು ಸೇರುವ ಹಂಗಾಮು ಬಂದರೆ ಗಂಗಲಕ್ಷ್ಮಮ್ಮ ಹತ್ತು ಹನ್ನೆರಡು ಮನೆ ಸುತ್ತುತ್ತಾರೆ, ಬಸ್ ಚಾರ್ಜು ಅವರದೇ. ಅರ್ಧಕ್ಕರ್ಧ ಅಪ್ಪಂದಿರು ಒಪ್ಪಿದರೆ ಅದೇ ಪುಣ್ಯ.

ಕೆಂಪರಾಜು ತಲೆಯೆತ್ತದೆ ಹೇಳುತ್ತಾರೆ: "ಇಂಥ ಅರ್ಜಿ ಎಲ್ಲಾ ನಿಮ್ಮೋರು ಹಾಕೋದು ಕಣಮ್ಮ. ನಾವ್ ಹಾಕುದ್ರೆ ಊರೋರು ನಗಾಕಿಲ್ವಾ?"

ಗಂಗಲಕ್ಷ್ಮಮ್ಮನಿಗೆ ಕೆನ್ನೆಗೆ ಬಾರಿಸಿದಂತಾಗುತ್ತದೆ. ಆದರೂ ಸೊಪ್ಪು ಕೊಯ್ಯುವ ಕೈ ನಿಲ್ಲುವುದಿಲ್ಲ. "ನಗೋರು ಬಂದು ಫೀಜು ಕಟ್ಟಾರಾ ಗೌಡ್ರೆ?" ಎಂದಷ್ಟೇ ಕೇಳುತ್ತಾರೆ. ಕೆಂಪರಾಜು ಮುಂದಿನ ಸಾಲಿಗೆ ಸರಿಯುತ್ತಾರೆ.

ಬಿಸಿಲೇರುವ ಹೊತ್ತಿಗೆ ಗ್ರಾಮ ಲೆಕ್ಕಿಗ ನಿಯಾಜ್ ಬಂದು ಜಗಲಿಯಲ್ಲಿ ಕೂರುತ್ತಾರೆ. ಸುತ್ತ ಊರ ಗಂಡಸರು. ಆದಾಯ ಕೇಳಿದ್ದೇ ತಡ, ಕೆಂಪರಾಜು ಟವೆಲ್ ಕೊಡವಿ ಹೆಗಲಿಗೇರಿಸಿ, ತಮಗೇನು ಕಮ್ಮಿ, ಎರಡೂವರೆ ಲಕ್ಷ ಬರೆದುಕೊಳ್ಳಿ ಎಂದುಬಿಡುತ್ತಾರೆ. ಅದು ಮಿತಿಗಿಂತ ಬಹಳ ಮೇಲೆ. ಬಾಗಿಲ ಹಿಂದೆ ನವ್ಯಶ್ರೀಯ ಮುಖ ಬಿಳಿಚಿಕೊಳ್ಳುತ್ತದೆ.

ಹೊಸ್ತಿಲು ದಾಟಿ ಬರುವವರು ಹುಡುಗಿಯ ತಾಯಿ ಬೋರಮ್ಮ. ಗಂಡಸರು ಕೂತಿರುವಾಗ ಅವರು ಜಗಲಿಗೆ ಕಾಲಿಟ್ಟಿದ್ದನ್ನು ಆ ಊರು ಕಂಡಿಲ್ಲ.

"ಸುಳ್ಳು ಸ್ವಾಮಿ. ಎರಡು ಸಲ ಹುಳಕ್ಕೆ ರೋಗ ಬಂದು ತಿಪ್ಪೆ ಸೇರ್ತು. ನನ್ ಕೊರಳ ನೋಡಿ, ತಾಳಿ ಅರಿಶಿನದ ದಾರದಲ್ಲೈತೆ. ಅದ ಬರ್ಕಳಿ."

ನಿಯಾಜ್ ಪೆನ್ನು ಹಿಡಿದುಕೊಂಡೇ ಕೆಂಪರಾಜು ಕಡೆ ನೋಡುತ್ತಾರೆ. ಕೆಂಪರಾಜು ಹೆಂಡತಿಯ ಕೊರಳನ್ನೇ ನೋಡುತ್ತಾ ಹೆಗಲ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಕೊನೆಗೆ, ಅವಳು ಹೇಳಿದಂತೆಯೇ ಬರೆದುಕೊಳ್ಳಿ ಎನ್ನುತ್ತಾರೆ.

ಗಂಗಲಕ್ಷ್ಮಮ್ಮ ಕನಕಪುರದ ಬಸ್ಸಿಗೆ ಕಾಯುತ್ತಿದ್ದಾರೆ. ಹುಡುಗಿಯ ಸೀಟು ಉಳಿಯಿತಲ್ಲ ಎಂದರೆ ತಲೆಯಾಡಿಸುತ್ತಾರೆ, ಆದರೆ ಮನಸ್ಸು ಇನ್ನೂ ಆ ಹೊಸ್ತಿಲಲ್ಲೇ ಇದೆ.

"ಇಷ್ಟ್ ವರ್ಸ ಬರೀ ಅಪ್ಪಂದಿರ್ನೇ ಬೇಡ್ಕಂಡು ತಿರುಗ್ದೆ ಕಣಪ್ಪ. ಒಬ್ಬ ಅವ್ವನ್ನಾದ್ರೂ ಕೇಳ್ನಿಲ್ವಲ್ಲ ನಾನು."